ಒಲೆ ದೊಡ್ಡದು ಮಾಡುವುದು

ನನ್ನ ಅತ್ತೆಯ ಮನೆಯಲ್ಲಿ ಯಾವುದೂ ಖಾಲಿಯಾಗುತ್ತಿರಲಿಲ್ಲ. ಅಕ್ಕಿ ಡಬ್ಬಿಯ ತಳ ಕಂಡರೆ ‘ಅಕ್ಕಿ ಹೆಚ್ಚಾಗೈತೆ’ ಎನ್ನಬೇಕು. ಕುಂಕುಮದ ಭರಣಿ ಬರಿದಾದರೆ ಅದೂ ಹೆಚ್ಚಾದದ್ದೇ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪ ಆರಿಸುವ ಮಾತನ್ನಂತೂ ಎತ್ತುವ ಹಾಗೆಯೇ ಇಲ್ಲ, ದೀಪವನ್ನು ದೊಡ್ಡದು ಮಾಡಬೇಕು. ಮಾಯಕೊಂಡದ ನನ್ನ ತವರಿನಲ್ಲೂ ಈ ಮಾತುಗಳಿದ್ದವು, ಆದರೆ ಅವು ದೇವರ ಕೋಣೆಯ ಹೊಸ್ತಿಲು ದಾಟಿ ಹೊರಗೆ ಬರುತ್ತಿರಲಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯ ಈ ಮನೆಯಲ್ಲಿ ಗ್ಯಾಸ್ ಒಲೆ, ಬಚ್ಚಲ ಹಂಡೆಯ ಉರಿ, ನಡುಮನೆಯ ಟ್ಯೂಬ್‌ಲೈಟು ಎಲ್ಲವೂ ದಿನಾ ದೊಡ್ಡದಾಗುತ್ತಿದ್ದವು. “ಟ್ಯೂಬ್‌ಲೈಟಿಗೆ ಎಲ್ಲಿಯ ಅಪಶಕುನ ಅತ್ತೆ” ಎಂದು ನಾನು ವಾದಕ್ಕೆ ನಿಂತರೆ, “ಬಾಯಿಂದ ಬಂದಿದ್ದನ್ನ ಮನಿ ಕೇಳಿಸ್ಕಂತೈತವ್ವ” ಎಂದು ಅವರು ಮಾತು ಮುಗಿಸುತ್ತಿದ್ದರು. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವಳು. ಗೋಡೆಗೆ ಕಿವಿ ಇದೆ ಎಂದು ಒಪ್ಪಿಕೊಳ್ಳುವುದು ಕಷ್ಟವಾಗಿತ್ತು. ಆದರೂ ಒಪ್ಪಿಕೊಂಡೆ. ಅತ್ತೆ ಬಡಿದ ಬಿಸಿ ರೊಟ್ಟಿ ತಿನ್ನಬೇಕೆಂದರೆ ಕೆಲವು ಸಿದ್ಧಾಂತಗಳನ್ನು ಬದಿಗಿಡಬೇಕಾಗುತ್ತದೆ.

ನನ್ನ ಗಂಡನಿಗೆ ಹರಿಹರದಲ್ಲಿ ಹೀಟ್ ಟ್ರೀಟ್‌ಮೆಂಟ್ ಅಂಗಡಿ ಇತ್ತು. ಲೇತ್ ಅಂಗಡಿಗಳಿಂದ ಬರುವ ಗೇರು, ಶಾಫ್ಟು, ಸಾರಥಿ ಊರಿನ ಕಡೆಯ ರೈತರು ತರುವ ಟ್ರ್ಯಾಕ್ಟರ್ ನೇಗಿಲಿನ ಮೊನೆ, ಇವನ್ನೆಲ್ಲ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೊಮ್ಮೆ ಮಿತವಾಗಿ ಕಾಯಿಸಿ ಹದಕ್ಕೆ ತರುವ ಕೆಲಸ. ಅದ್ದಿ ಹಾಗೆಯೇ ಬಿಟ್ಟರೆ ಉಕ್ಕು ಗಾಜಿನ ಹಾಗೆ ಒಡೆಯುತ್ತದೆ, ಅತಿಯಾಗಿ ಕಾಯಿಸಿದರೆ ಮೆತ್ತಗಾಗುತ್ತದೆ. ಅಂಗಡಿಯಲ್ಲಿ ಎರಡು ಫರ್ನೇಸ್ ಇದ್ದವು. ದೊಡ್ಡದರಲ್ಲಿ ದಿನದ ಕೆಲಸ. ಸಣ್ಣದನ್ನು ನನ್ನ ಮಾವ ಬದುಕಿದ್ದಾಗ ತಾವೇ ಮುಂದೆ ನಿಂತು ಕಟ್ಟಿಸಿದ್ದರಂತೆ. ಒಂದು ಊಟದ ತಟ್ಟೆ ಇಡುವಷ್ಟು ಜಾಗವನ್ನು ಕಾಯಿಸುವುದಕ್ಕೆ ಕೋಟೆಗೆ ಹಾಕುವಂಥ ದಪ್ಪ ಇಟ್ಟಿಗೆ ಗೋಡೆ. ಅತ್ತೆಯ ಬಾಯಲ್ಲಿ ಎರಡೂ ಒಲೆಗಳೇ, ಹಾಗಾಗಿ ನಮ್ಮ ಬಾಯಲ್ಲೂ ಅವು ಒಲೆಗಳಾದವು. ಶುಕ್ರವಾರ ಎರಡಕ್ಕೂ ವಿಭೂತಿ ಹಚ್ಚಿ ಹೂವು ಇಡದೆ ನನ್ನ ಗಂಡ ಸ್ವಿಚ್ಚು ಮುಟ್ಟುತ್ತಿರಲಿಲ್ಲ.

ನನ್ನ ಕೆಲಸವೂ ಕಾಯಿಸುವುದು ಆರಿಸುವುದೇ. ಕೆಲವು ವಸ್ತುಗಳಿವೆ. ಅವುಗಳ ಒಂದು ತುದಿಯನ್ನು ಬಿಸಿಯಾಗಿಯೂ ಇನ್ನೊಂದು ತುದಿಯನ್ನು ತಣ್ಣಗೂ ಇಟ್ಟರೆ ಸಾಕು, ತಾವಾಗಿಯೇ ವಿದ್ಯುತ್ ಕೊಡುತ್ತವೆ. ಉಷ್ಣವಿದ್ಯುತ್ ವಸ್ತುಗಳು ಎಂದು ಕರೆಯುತ್ತಾರೆ. ಎರಡೂ ತುದಿ ಸಮನಾಗಿ ಬಿಸಿಯಾದರೆ ಆಟ ಮುಗಿಯಿತು, ಏನೂ ಹುಟ್ಟುವುದಿಲ್ಲ. ಆದ್ದರಿಂದ ಒಳ್ಳೆಯ ವಸ್ತು ಎಂದರೆ ವಿದ್ಯುತ್ತಿಗೆ ದಾರಿ ಬಿಡಬೇಕು, ಶಾಖಕ್ಕೆ ಅಡ್ಡ ನಿಲ್ಲಬೇಕು. ಬಿಸ್ಮತ್ ಮತ್ತು ಟೆಲ್ಲೂರಿಯಂ ಎಂಬ ಎರಡು ಧಾತುಗಳನ್ನು ಕೂಡಿಸಿ ಅಂಥ ಬಿಲ್ಲೆ ಮಾಡುವುದು ನನ್ನ ಸಂಶೋಧನೆ. ಗಾಳಿ ತೆಗೆದ ಕ್ವಾರ್ಟ್ಸ್ ನಳಿಗೆಯಲ್ಲಿ ಎರಡನ್ನೂ ಕರಗಿಸಬೇಕು, ತಣಿಸಬೇಕು, ಅರೆದು ಪುಡಿ ಮಾಡಬೇಕು, ಒತ್ತಿ ಬಿಲ್ಲೆ ಮಾಡಬೇಕು, ಆಮೇಲೆ ಆ ಬಿಲ್ಲೆಯನ್ನು ಮತ್ತೆ ನಳಿಗೆಯಲ್ಲಿಟ್ಟು ದಿನಗಟ್ಟಲೆ ಹದವಾದ ಬಿಸಿಯಲ್ಲಿ ಬಿಡಬೇಕು. ತೂಕ ಒಂದೇ, ಪದಾರ್ಥ ಒಂದೇ, ಕಾಯಿಸಿದ ರೀತಿ ಬೇರೆಯಾದರೆ ಕೈಗೆ ಬರುವುದು ಬೇರೆಯೇ ವಸ್ತು. ಬೇಗ ತಣಿಸಿದರೆ ಒಳಗಿನ ಹರಳುಗಳು ಸಣ್ಣದಾಗಿ ಉಳಿಯುತ್ತವೆ, ಅವುಗಳ ನಡುವಿನ ಗಡಿಗಳಿಗೆ ಡಿಕ್ಕಿ ಹೊಡೆದು ಶಾಖ ನಿಧಾನವಾಗುತ್ತದೆ. ಅದು ಒಳ್ಳೆಯದೇ, ಆದರೆ ಒಳಗೆಲ್ಲ ಬಿಗಿತ ಉಳಿದು ವಿದ್ಯುತ್ತಿಗೂ ಎಡವಟ್ಟು. ಕಾಯಿಸಿ ಬಿಟ್ಟರೆ ಬಿಗಿತ ಸಡಿಲವಾಗುತ್ತದೆ. ಹೆಚ್ಚು ಹೊತ್ತು ಬಿಟ್ಟಿರೋ, ಹರಳುಗಳು ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ, ಟೆಲ್ಲೂರಿಯಂ ಆವಿಯಾಗಿ ಹೊರಡುತ್ತದೆ, ಶಾಖ ಸಲೀಸಾಗಿ ಓಡತೊಡಗುತ್ತದೆ.

ಇದನ್ನೆಲ್ಲ ಮದುವೆಯಾದ ಹೊಸದರಲ್ಲಿ ಗಂಡನಿಗೆ ವಿವರಿಸಿದಾಗ ಅವರು ಪೂರ್ತಿ ಕೇಳಿ, “ಅಂದ್ರೆ ನಿಂದೂ ನಂದೂ ಒಂದೇ ಧಂದೆ ಅನ್ನು ಮೇಡಮ್ಮೋರೆ. ನಿನಗ ಪಗಾರ ಜಾಸ್ತಿ, ಅಷ್ಟೇ” ಎಂದಿದ್ದರು. ಕಾಲೇಜಿನ ಫರ್ನೇಸಿಗೆ ಯಾವಾಗಲೂ ಸರದಿ. ನನ್ನ ಬಿಲ್ಲೆ ಒಳಗಿರುವಾಗಲೇ ಯಾರಾದರೂ ಬಂದು ‘ಮೇಡಂ ಎಷ್ಟು ಹೊತ್ತು’ ಎಂದು ನಿಲ್ಲುತ್ತಿದ್ದರು. ಒಂದು ದಿನ ನಾನು ಅದನ್ನೇ ಗೊಣಗುತ್ತಿದ್ದಾಗ, “ಅಪ್ಪಾಜಿ ಒಲಿ ಖಾಲಿ ಬಿದ್ದೈತಲ್ಲ, ತಗಂಬಾ” ಎಂದರು. ಅಂದಿನಿಂದ ನನ್ನ ನಳಿಗೆಗಳು ಅವರ ಬೈಕಿನ ಡಿಕ್ಕಿಯಲ್ಲಿ, ಹಳೇ ಸ್ವೆಟರಿನಲ್ಲಿ ಸುತ್ತಿಕೊಂಡು, ಆಗಾಗ ಹರಿಹರಕ್ಕೆ ಹೋಗತೊಡಗಿದವು.

ಟೆಲ್ಲೂರಿಯಂಗೆ ಒಂದು ಕೆಟ್ಟ ಗುಣವಿದೆ. ಅದರ ಪುಡಿ ಚೂರು ಮೈಗೆ ಸೇರಿದರೂ ಉಸಿರು, ಬೆವರು ಎಲ್ಲ ಬೆಳ್ಳುಳ್ಳಿ ನಾರುತ್ತದೆ, ಬೇಗ ಹೋಗುವುದೂ ಇಲ್ಲ. ಒಮ್ಮೆ ನನ್ನ ಕೈಗವಸು ಹರಿದಿದ್ದು ಗೊತ್ತಾಗದೆ ಹಾಗಾಯಿತು. ಶ್ರಾವಣ ಸೋಮವಾರ ಉಪವಾಸವಿದ್ದ ಅತ್ತೆ ಮೂಗು ಮುಚ್ಚಿಕೊಂಡು, “ಕಾಲೇಜ್ನಾಗೆ ಏನ್ ಅಡಿಗಿ ಮಾಡ್ತೀರವ್ವ” ಎಂದು ಕೇಳಿದರು. ನನ್ನ ಗಂಡ ನಗು ತಡೆಯಲಾರದೆ ಹಿತ್ತಲಿಗೆ ಹೋದರು. ಅಂದು ಸಂಜೆ ನನಗೆಂದು ಪಾನ್ ಕಟ್ಟಿಸಿಕೊಂಡು ಬಂದು, ಅತ್ತೆಗೆ ಕಾಣದಂತೆ ಕೈಗಿಟ್ಟು, “ಇದನ್ನ ಹಾಕ್ಕಂಡು ಮಾತಾಡ್ಸು, ಇಲ್ಲಾಂದ್ರೆ ನಾನೂ ಉಪವಾಸ” ಎಂದರು. ಅವರ ತಮಾಷೆಗಳೆಲ್ಲ ಹೀಗೆಯೇ, ಯಾರಿಗೂ ನೋವಾಗದವು.

ಆ ಎಡವಟ್ಟು ನಡೆದದ್ದು ಒಂದು ಮಧ್ಯಾಹ್ನ. ಬಿಲ್ಲೆ ಸಣ್ಣ ಒಲೆಯಲ್ಲಿತ್ತು. ಕ್ಲಾಸು ಮುಗಿಸಿ ಬಂದು ಲೆಕ್ಕ ನೋಡಿದರೆ ನಾನು ಹೇಳಿದ್ದ ಬಿಸಿ ಕಡಿಮೆ ಎನ್ನಿಸಿತು. ಮುಂದಿನ ಕ್ಲಾಸಿಗೆ ಗಂಟೆ ಹೊಡೆದಿತ್ತು. ಕಾರಿಡಾರಿನಲ್ಲಿ ನಡೆಯುತ್ತಲೇ ಫೋನ್ ಮಾಡಿ, “ರೀ, ಆ ಸಣ್ಣ ಒಲೆ ಸ್ವಲ್ಪ ದೊಡ್ಡದು ಮಾಡ್ರಿ” ಎಂದೆ. “ಈಗ್ಲೇನಾ?” ಎಂದರು. “ಈಗ್ಲೇ” ಎಂದೆ. “ಸರಿ ಬಿಡು” ಎಂದು ಫೋನಿಟ್ಟರು.

ಸಂಜೆ ಮನೆಗೆ ಬಂದವರು ಕಾಲು ತೊಳೆಯುತ್ತ, “ಯಾಕ ಅಷ್ಟು ಬೇಗ ಮುಗೀತು?” ಎಂದು ಕೇಳಿದರು. ಏನು ಮುಗಿಯಿತು ಎಂದು ನಾನು ಕೇಳಿದೆ. “ಒಲಿ ದೊಡ್ಡದು ಮಾಡು ಅಂದ್ಯಲ್ಲ.” ಒಲೆಯನ್ನು ಆರಿಸಿಯೇ ಬಂದಿದ್ದರು. ಹುಟ್ಟಿದಾಗಿನಿಂದ ಆ ಮಾತಿಗೆ ಒಂದೇ ಅರ್ಥ ಕೇಳಿಕೊಂಡು ಬೆಳೆದ ಮನುಷ್ಯ, ಅವರ ತಪ್ಪೇನು? ಆದರೆ ಆವತ್ತು ನನಗೆ ಅಷ್ಟು ದೊಡ್ಡ ಮನಸ್ಸು ಇರಲಿಲ್ಲ. ಕರಗಿಸಿ, ಅರೆದು, ಒತ್ತಿದ ಕೆಲಸವೆಲ್ಲ ಹೊಳೆಗೆ ಹೋಯಿತಲ್ಲ ಎಂದು ಕೂಗಾಡಿದೆ. “ಏರಿಸು ಅಂದಿದ್ರೆ ಏರಿಸ್ತಿದ್ದೆ” ಎಂದು ಅವರೂ ದನಿ ಏರಿಸಿದರು. ಅತ್ತೆ ನಡುಮನೆಯಲ್ಲಿ ನಿಂತು ಇಬ್ಬರನ್ನೂ ನೋಡಿ, “ಆತು, ಜಗಳ ದೊಡ್ಡದು ಮಾಡ್ರಿ ಇನ್ನ” ಎಂದರು. ಅವರು ಯಾವ ಅರ್ಥದಲ್ಲಿ ಹೇಳಿದರು ಎಂದು ಯೋಚಿಸುತ್ತ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು, ಆಮೇಲೆ ಮೂವರೂ ನಕ್ಕೆವು.

ಆ ಒಲೆ ಅಷ್ಟು ಸುಲಭಕ್ಕೆ ತಣ್ಣಗಾಗುವುದಿಲ್ಲ. ಸ್ವಿಚ್ಚು ತೆಗೆದ ಮಾರನೆಯ ದಿನವೂ ಒಳಗೆ ಕೈ ಹಾಕುವಂತಿರಲಿಲ್ಲ. ಪೂರ್ತಿ ಆರಿದ ಮೇಲೆ ಬಿಲ್ಲೆಯನ್ನು ತಂದುಕೊಟ್ಟರು. ಎಸೆಯುವ ಮೊದಲು ಒಂದು ಸಲ ಅಳೆದು ಬಿಡೋಣ ಎಂದು ಕುಳಿತೆ. ಅಂಕಿ ನೋಡಿ ಉಪಕರಣ ಕೆಟ್ಟಿದೆ ಎಂದುಕೊಂಡೆ. ಬೇರೆ ಬಿಲ್ಲೆ ಇಟ್ಟು ನೋಡಿದೆ, ಉಪಕರಣ ಸರಿಯಾಗಿಯೇ ಇತ್ತು. ಅದುವರೆಗೆ ನಾನು ಮಾಡಿದ ಯಾವ ಬಿಲ್ಲೆಯೂ ಅದರ ಹತ್ತಿರ ಬರುತ್ತಿರಲಿಲ್ಲ. ಕಾರಣ ಹೊಳೆಯಲು ಹೊತ್ತು ಹಿಡಿಯಿತು. ಜೋರು ಬಿಸಿಯಲ್ಲಿ ಇದ್ದದ್ದು ಕಡಿಮೆ ಹೊತ್ತು, ಹಾಗಾಗಿ ಹರಳುಗಳು ಬೆಳೆಯಲಿಲ್ಲ. ಆಮೇಲೆ ಆ ದಪ್ಪ ಗೋಡೆಗಳ ನಡುವೆ ಬಿಸಿ ಒಂದೊಂದೇ ಮೆಟ್ಟಿಲು ಇಳಿದಂತೆ ಇಳಿಯಿತು, ಒಳಗಿನ ಬಿಗಿತ ಬಿಡಿಸಿಕೊಳ್ಳುವುದಕ್ಕೆ ಬೇಕಾದಷ್ಟು ವ್ಯವಧಾನ ಸಿಕ್ಕಿತು. ನಾನು ಇಷ್ಟು ಕಾಲ ಕಾಯಿಸುವುದರ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ, ಹದ ಇದ್ದದ್ದು ಆರಿಸುವುದರಲ್ಲಿ.

ಕಾಲೇಜಿನ ಫರ್ನೇಸಿನಲ್ಲಿ ಅದೇ ರೀತಿ ಮಾಡಲು ಹೋದೆ. ಅದರ ಗೋಡೆ ತೆಳು, ಬೇಗ ತಣ್ಣಗಾಗುತ್ತದೆ, ಬಿಲ್ಲೆ ಕೆಟ್ಟಿತು. ಹಾಗಾದರೆ ಮಾವನ ಒಲೆಯಲ್ಲಿಯೇ ಮತ್ತೆ ಮಾಡಬೇಕು, ಒಂದು ಸಲ ಬಂದದ್ದು ಅದೃಷ್ಟವಲ್ಲ ಎಂದು ತೋರಿಸಬೇಕು. ಎರಡನೆಯದೂ ಮೊದಲಿನಷ್ಟೇ ಚೆನ್ನಾಗಿ ಬಂತು. ಅದನ್ನು ಅಂಗಡಿಯ ಮೇಜಿನ ಮೇಲಿಟ್ಟು, ತಂತಿ ಜೋಡಿಸಿ, ಮೀಟರು ಕೊಟ್ಟು ಗಂಡನಿಗೆ ತೋರಿಸಿದೆ. ಅವರು ಬಿಲ್ಲೆಯ ಒಂದು ಕಡೆ ಹೆಬ್ಬೆರಳು ಒತ್ತಿದರು. ಅವರ ಬೆರಳಿನ ಬಿಸಿಗೆ ಮೀಟರಿನಲ್ಲಿ ಅಂಕಿ ಏರತೊಡಗಿತು. “ನೋಡು, ನಾನೂ ಕರೆಂಟು” ಎಂದರು. ಪಕ್ಕದ ಲೇತ್ ಅಂಗಡಿಯವರನ್ನು ಕರೆದು ತೋರಿಸಿದರು, ಬೆಣ್ಣೆದೋಸೆ ತರಿಸಿದರು. ದೋಸೆ ತಿಂದ ಕೈಯಲ್ಲೇ ಮತ್ತೆ ಒತ್ತಲು ಹೋಗಿ ನನ್ನಿಂದ ಬೈಸಿಕೊಂಡರು. ಮೂರನೆಯದೂ ಹಾಗೆಯೇ ಬಂದರೆ ಪ್ರಬಂಧ ಬರೆಯುವುದೆಂದು ನಿರ್ಧಾರವಾಯಿತು. ಅದರ ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗದಲ್ಲಿ ತಮ್ಮ ಅಪ್ಪನ ಒಲೆಯ ಹೆಸರು ಬರಬೇಕು ಎಂಬುದು ಅವರ ಒಂದೇ ಷರತ್ತು.

ಮೂರನೆಯ ಬಿಲ್ಲೆ ಒಲೆಯಲ್ಲಿತ್ತು. ಆರಿಸುವ ದಿನ ಬಂದಿತ್ತು. ಬೆಳಗ್ಗೆ ಬೈಕಿನ ಕಿಕ್ ಹೊಡೆಯುತ್ತ, ಗೇಟಿನ ಬಳಿ ನಿಂತಿದ್ದ ನನಗೆ, “ಸಂಜಿಕ ನಿನ್ನ ಒಲಿ ದೊಡ್ಡದು ಮಾಡಿ ಬರ್ತೀನಿ. ಆಮ್ಯಾಲೆ ಏರಿಸು ಅಂದಿದ್ದೆ ಅಂತ ಕೂಗಾಡಬ್ಯಾಡ” ಎಂದರು. ನಾನು ಏನೋ ಮರುಮಾತು ಹೇಳಿದೆ. ಏನು ಹೇಳಿದೆನೋ, ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ.

ಅಂದು ಊಟದ ಹೊತ್ತಿಗೆ ಲೇತ್ ಅಂಗಡಿಯವರು ಫೋನ್ ಮಾಡಿದರು. ನನ್ನ ಗಂಡ ಅಂಗಡಿಯಲ್ಲಿ ನಿಂತಿದ್ದಂತೆಯೇ ತಲೆ ಹಿಡಿದುಕೊಂಡು ಬಿದ್ದರಂತೆ. ಅವರೇ ಗಾಡಿ ಮಾಡಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಕರೆತರುತ್ತಿದ್ದರು. ನಾನು ಕ್ಲಾಸು ಬಿಟ್ಟು ಆಟೋ ಹಿಡಿದು ಹೋದೆ. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಡಾಕ್ಟರುಗಳು. ಒಡೆದಿದೆ ಎಂದೇ ಹೇಳಿದರು. ಅಲ್ಲಿ ಯಾವುದೂ ಹೆಚ್ಚುವುದಿಲ್ಲ.

ಮುಂದಿನ ದಿನಗಳಲ್ಲಿ ನಾನೂ ಅತ್ತೆಯೂ ಐಸಿಯು ಬಾಗಿಲ ಮುಂದಿನ ಬೆಂಚಿನಲ್ಲಿ ಕುಳಿತೆವು. ಒಳಗೆ ಬಿಟ್ಟಾಗ ಹೋಗಿ ಮುಟ್ಟುತ್ತಿದ್ದೆ. ಹಣೆ ಕಾದಿರುತ್ತಿತ್ತು, ಪಾದ ತಣ್ಣಗಿರುತ್ತಿತ್ತು. ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗೆ, ಏನಾದರೂ ಹುಟ್ಟಲೇಬೇಕಲ್ಲ ಎಂದು ನನ್ನ ಹಾಳು ಓದು ತಲೆಯೊಳಗೆ ಹೇಳುತ್ತಿತ್ತು. ಪಾದ ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡುತ್ತಿದ್ದೆ. ಅವರು ಒಂದು ಸಲವೂ ಕಾಲು ಎಳೆದುಕೊಳ್ಳಲಿಲ್ಲ. ಕಚಗುಳಿ ಅಂದರೆ ಮನೆ ಬಿಟ್ಟು ಓಡುತ್ತಿದ್ದ ಮನುಷ್ಯ.

ಅಲ್ಲಿ ನಮ್ಮನ್ನು ನೋಡಿಕೊಂಡ ಡಾಕ್ಟರು ಚಿಕ್ಕ ವಯಸ್ಸಿನವರು. ಬೇರೆ ರಾಜ್ಯದಿಂದ ಇಲ್ಲಿಗೆ ಓದಲು ಬಂದು ಕಷ್ಟಪಟ್ಟು ಕನ್ನಡ ಕಲಿತವರು. ಅವರ ಬಗ್ಗೆ ನನ್ನಲ್ಲಿ ಯಾವ ದೂರೂ ಇಲ್ಲ. ಕೊನೆಗೊಂದು ದಿನ ನಮ್ಮಿಬ್ಬರನ್ನೂ ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದರು. ಮೆದುಳು ಕೆಲಸ ನಿಲ್ಲಿಸಿದೆ, ಉಸಿರಾಡುತ್ತಿರುವುದು ಯಂತ್ರ, ಮುಂದೇನು ಎಂದು ಮನೆಯವರೇ ಹೇಳಬೇಕು. ಅತ್ತೆ ಮಗನ ಮುಖವನ್ನೇ ಬಹಳ ಹೊತ್ತು ನೋಡಿದರು. ಗಲ್ಲಕ್ಕೆ ಅಂಟಿದ್ದ ಪ್ಲಾಸ್ಟರನ್ನು ಬೆರಳಿನಿಂದ ಸರಿ ಮಾಡಿದರು. ಆಮೇಲೆ ಸೆರಗು ಹೊದ್ದುಕೊಂಡು ಡಾಕ್ಟರ ಕಡೆ ತಿರುಗಿ, “ದೊಡ್ಡದು ಮಾಡಿಬಿಡ್ರಪ್ಪ” ಎಂದರು.

ಡಾಕ್ಟರು ಅವರ ಕೈ ಹಿಡಿದುಕೊಂಡರು. “ಅಮ್ಮ, ಮಿಷಿನ್ ಫುಲ್ ಇಟ್ಟಿದ್ದೀವಿ. ಇದಕ್ಕಿಂತ ದೊಡ್ಡದು ಮಾಡಕ್ಕೆ ಆಗಲ್ಲಮ್ಮ” ಎಂದರು.

ಅತ್ತೆ ಅರ್ಥವಾಗದೆ ನನ್ನ ಮುಖ ನೋಡಿದರು. ಡಾಕ್ಟರೂ ನನ್ನ ಮುಖ ನೋಡಿದರು. ಆ ಕೋಣೆಯಲ್ಲಿ ಎರಡೂ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ಆ ಎರಡು ಅರ್ಥಗಳ ನಡುವೆ ಸಿಕ್ಕಿ ಒಂದು ಸಲ ಬೇಸ್ತು ಬಿದ್ದು, ಜಗಳವಾಡಿ, ನಕ್ಕವಳು. ಅತ್ತೆ ಇನ್ನೊಂದು ಸಲ ಅದನ್ನೇ ಹೇಳಲಾರರು, ಬಿಡಿಸಿ ಹೇಳುವುದಂತೂ ಅವರಿಂದ ಆಗದ ಮಾತು. ಆ ಮನೆಯಲ್ಲಿ ಟ್ಯೂಬ್‌ಲೈಟಿಗೂ ಯಾರೂ ಆಡದ ಮಾತನ್ನು ಅವರ ಮಗನಿಗೆ ನಾನು ಆಡಬೇಕಾಗಿತ್ತು. “ಅವರು ಆರಿಸಿ ಅಂತಿದ್ದಾರೆ ಡಾಕ್ಟರ್” ಎಂದೆ. ಅತ್ತೆ ಎರಡೂ ಕಿವಿಗಳನ್ನು ಸೆರಗಿನಿಂದ ಮುಚ್ಚಿಕೊಂಡರು.

ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮನೆ ತುಂಬ ಜನ. ಬಂದವರೆಲ್ಲ ಮೆತ್ತನೆಯ ಮಾತುಗಳನ್ನು ಆಡಿದರು, ಶಿವನ ಪಾದ ಸೇರಿದರು ಎಂದರು, ಒಳ್ಳೆಯವರನ್ನು ಬೇಗ ಕರೆಸಿಕೊಳ್ಳುತ್ತಾನೆ ಎಂದರು. ನನಗೆ ಪ್ರತಿಯೊಬ್ಬರ ಮೇಲೂ ಸಿಟ್ಟು ಬಂತು. ಮಣ್ಣು ಮಾಡಿ ಬಂದ ಮೇಲೆ ದೂರದ ನೆಂಟರಲ್ಲಿ ಹಿರಿಯ ಹೆಂಗಸೊಬ್ಬರು ನನ್ನ ಮಣಿಕಟ್ಟು ಹಿಡಿದು, ಅತ್ತೆಯ ಕಡೆ ನೋಡಿ, “ಬಳಿ ಹೆಚ್ಚಿಸಬೇಕಲ್ಲವ್ವ” ಎಂದರು. ಅತ್ತೆ ಕುಳಿತಲ್ಲಿಂದ ಎದ್ದು ಬಂದು ನನ್ನ ಕೈಯನ್ನು ಅವರ ಹಿಡಿತದಿಂದ ಬಿಡಿಸಿದರು. “ಈ ಮನ್ಯಾಗ ಹೆಚ್ಚಾಗಿದ್ದು ಸಾಕು” ಎಂದರು. ನನ್ನ ಹಸಿರು ಬಳೆಗಳು ಇವತ್ತಿಗೂ ಕೈಯಲ್ಲಿವೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಬಸ್ ಹತ್ತಿ ಹರಿಹರಕ್ಕೆ ಹೋದೆ. ಲೇತ್ ಅಂಗಡಿಯವರು ಬೀಗದ ಕೈ ಕೊಟ್ಟರು. “ಅವತ್ತು ಬಾಗ್ಲು ಎಳ್ದು ಬೀಗ ಹಾಕಿದ್ದಷ್ಟೇರಿ ಅಕ್ಕಾರೆ. ಸಣ್ಣ ಒಲಿ ಹಂಗೇ ಐತೆ. ಮುಟ್ಟಾಕೆ ನಮಗ ಧೈರ್ಯ ಬರ್ಲಿಲ್ಲ” ಎಂದರು. ಬಾಗಿಲು ತೆಗೆದೆ. ದೊಡ್ಡ ಒಲೆ ಕಲ್ಲಿನಂತೆ ತಣ್ಣಗಿತ್ತು, ಎಣ್ಣೆ ತೊಟ್ಟಿಯ ಮೇಲೆ ಧೂಳು ಕೂತಿತ್ತು. ಸಣ್ಣ ಒಲೆಯ ಕೆಂಪು ಅಂಕಿಗಳು ಉರಿಯುತ್ತಿದ್ದವು. ಅವರು ಇಟ್ಟುಹೋದ ಬಿಸಿಯನ್ನೇ ಅದು ಹಿಡಿದುಕೊಂಡು ಕುಳಿತಿತ್ತು. ಶುಕ್ರವಾರದ ಹೂವು ಒಣಗಿ ಇಟ್ಟಿಗೆಗೆ ಅಂಟಿತ್ತು.

ಒಳಗಿನ ಬಿಲ್ಲೆ ಕೆಟ್ಟಿದೆ ಎಂದು ನೋಡದೆಯೂ ಗೊತ್ತಿತ್ತು. ಇಷ್ಟು ದಿನ ಕಾದ ಮೇಲೆ ಹರಳುಗಳು ಎಂದೋ ಬೆಳೆದಿರುತ್ತವೆ, ಟೆಲ್ಲೂರಿಯಂ ಎಂದೋ ಹಾರಿರುತ್ತದೆ. ಒಲೆ ಉರಿಯುವುದಕ್ಕೆ ಯಾವ ಕಾರಣವೂ ಉಳಿದಿರಲಿಲ್ಲ. ನಾನು ಸ್ಟೂಲು ಎಳೆದುಕೊಂಡು ಅದರ ಪಕ್ಕ ಕುಳಿತು ಇಟ್ಟಿಗೆಗೆ ಬೆನ್ನು ಕೊಟ್ಟೆ. ಬೆಚ್ಚಗಿತ್ತು. ನನ್ನ ಗಂಡ ಈ ಭೂಮಿಯ ಮೇಲೆ ಮಾಡಿಟ್ಟ ಬಿಸಿ ಅದೊಂದೇ ಉಳಿದಿತ್ತು, ಅದನ್ನು ನಿಲ್ಲಿಸಲು ನಾನು ಬಸ್ ಚಾರ್ಜು ಕೊಟ್ಟು ಬಂದಿದ್ದೆ. ಮೇಜಿನ ಮೇಲೆ ಎರಡನೆಯ ಬಿಲ್ಲೆ, ಮೀಟರು ಹಾಗೆಯೇ ಇದ್ದವು. ಹೆಬ್ಬೆರಳು ಒತ್ತಿದೆ. ನನ್ನ ಬೆರಳಿಗೂ ಅಂಕಿ ಏರಿತು, ಯಾರ ಬೆರಳಾದರೂ ಅದಕ್ಕೆ ಒಂದೇ. ಏರಬಾರದಿತ್ತು ಎನ್ನಿಸಿತು. ಅಲ್ಲಿಯವರೆಗೆ ಗಟ್ಟಿಯಾಗಿ ಅಳದವಳು ಅಲ್ಲಿ ಅತ್ತುಬಿಟ್ಟೆ. ಪಕ್ಕದ ಅಂಗಡಿಯ ಲೇತ್ ಸದ್ದು ನಿಂತಿತು, ಯಾರೂ ಒಳಗೆ ಬರಲಿಲ್ಲ.

ಸಂಜೆಯಾದಾಗ ಎದ್ದು ಸ್ವಿಚ್ಚು ತೆಗೆದೆ. ಕೆಂಪು ಅಂಕಿಗಳು ಹೋದವು. ಒಲೆ ನಾಳೆಯೂ ಬೆಚ್ಚಗಿರುತ್ತದೆ, ನಾಡಿದ್ದು ಇರುವುದಿಲ್ಲ ಎಂದು ನನಗೆ ತಿಳಿದಿತ್ತು. ಬೀಗ ಹಾಕಿ ಬಂದೆ. ಮೂರನೆಯ ಬಿಲ್ಲೆಯನ್ನು ಆಮೇಲೆ ಲೇತ್ ಅಂಗಡಿಯವರು ತೆಗೆದು ಕಳಿಸಿದರು. ಅದನ್ನು ನಾನು ಅಳೆದಿಲ್ಲ.

ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಕತ್ತಲಲ್ಲಿಯೇ ಕುಳಿತಿದ್ದರು. ನಾನು ಲೈಟು ಹಾಕಿದೆ. ಅವರು ಎದ್ದು ನೀರು ಕೊಟ್ಟರು.

“ಒಲಿ ಏನ್ ಮಾಡಿದಿ?” ಎಂದರು.

“ದೊಡ್ಡದು ಮಾಡಿ ಬಂದೆ ಅತ್ತೆ.”

ಅವರು ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡರು. “ಆರಿಸಿ ಬಂದೆ ಅನ್ನವ್ವ” ಎಂದರು. “ಇನ್ನ ಈ ಮನಿ ಕೇಳಿಸ್ಕಂಡ್ರೂ ಏನಾಗಬೇಕೈತೆ?”

“ಆರಿಸಿ ಬಂದೆ” ಎಂದೆ.